ಬ್ಯಾಟರಿ ಮೇಸ್ತ್ರಿಯ ಬೂದಿ

ಮದುವೆಯಾಗಿ ಆ ಮನೆಗೆ ಬಂದ ಮೊದಲ ವಾರ ನಾನು ಹಿಡಿದ ಒಂದು ಕೆಲಸವನ್ನೂ ಪೂರ್ತಿ ಮಾಡಲಿಲ್ಲ. ಅಕ್ಕಿ ಆರಿಸಲು ಕೂತರೆ ಬಸ್ಸು ಬರುತ್ತಿತ್ತು. ಮೊರ ಅಲ್ಲೇ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ವಾಪಸು ಬಂದು ಕೂರುವಷ್ಟರಲ್ಲಿ ಲಾರಿ. ಅತ್ತೆ ನೋಡುವಷ್ಟು ನೋಡಿ ಕೊನೆಗೆ, "ನಿನ್ನ ಬಾಗಿಲ ಹೊಸಿಲಿಗೇ ಕಟ್ಟಿಹಾಕಬೇಕು ಕಣೇ, ಒಳಗೂ ಇರಲ್ಲ ಹೊರಗೂ ಇರಲ್ಲ" ಎಂದರು.

ನನ್ನ ತವರು ಶನಿವಾರಸಂತೆಯಿಂದಾಚೆ, ಎತ್ತಿನ ಗಾಡಿಯ ಜಾಡು ಬಿಟ್ಟರೆ ಬೇರೆ ದಾರಿ ಇಲ್ಲದ ಹಳ್ಳಿ. ಗಂಡನ ಮನೆ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಏರುವ ರಸ್ತೆಯ ಒಂದು ತಿರುವಿನಲ್ಲಿತ್ತು. ಜಗಲಿಯಿಂದ ರಸ್ತೆಗೆ ಹತ್ತೇ ಹೆಜ್ಜೆ. ಮೈಸೂರಿನ ಕಡೆಯಿಂದ ಬರುವ ಬಸ್ಸುಗಳು ಏರಿ ಏರಿ ಸುಸ್ತಾಗಿ ನಮ್ಮ ತಿರುವಿನಲ್ಲಿ ಹಬೆ ಬಿಡುತ್ತ ನಿಲ್ಲುತ್ತಿದ್ದವು. ಡ್ರೈವರು ಇಳಿದು ನಮ್ಮ ಬಾವಿಯಿಂದ ನೀರು ಕೇಳುತ್ತಿದ್ದ. ನಮ್ಮ ಮನೆಯವರು ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಹೋದರೆ ಸಂಜೆ ಬರುವವರು. ಹಗಲೆಲ್ಲ ಅತ್ತೆ, ನಾನು, ಮತ್ತು ಆ ರಸ್ತೆ. ಎರಡನೇ ವರ್ಷಕ್ಕೆ ಮಗಳು ಹುಟ್ಟಿದಳು.

ಮಗಳು ತೆವಳುತ್ತಿದ್ದ ಕಾಲಕ್ಕೆ ಯುದ್ಧ ಜೋರಾಯಿತು. ಮಿಲಿಟರಿ ಲಾರಿಗಳು ಸಾಲು ಸಾಲಾಗಿ ಹೋಗತೊಡಗಿದವು. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಲ್ಲಿ ಓಡಿಸಿದರು. ಟೈರಿಲ್ಲ, ಬಿಡಿಭಾಗವಿಲ್ಲ, ಹೊಸ ಬ್ಯಾಟರಿಯಂತೂ ಕಣ್ಣಿಗೆ ಕಾಣುವಂತಿರಲಿಲ್ಲ. ಆಗ ಬಂದವನು ಬ್ಯಾಟರಿ ಮೇಸ್ತ್ರಿ.

ತಲಚೇರಿ ಕಡೆಯವನು, ಮೂವತ್ತರ ಆಸುಪಾಸು, ಮಾತಿಗಿಂತ ನಗು ಹೆಚ್ಚು. ನಮ್ಮ ಮನೆಗಿಂತ ಸ್ವಲ್ಪ ಏರಿನಲ್ಲಿ ರಸ್ತೆಗೆ ಅಂಟಿದ ಸರ್ಕಾರದ ಜಾಗದಲ್ಲಿ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ ಶೆಡ್ಡು ಹಾಕಿಕೊಂಡ. ಸತ್ತ ಬ್ಯಾಟರಿಗಳನ್ನು ಬಿಚ್ಚುವುದು, ಒಳಗಿನ ಪ್ಲೇಟುಗಳನ್ನು ಕೆರೆಯುವುದು, ಸೀಸವನ್ನು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಮೇಲೆ ಕರಗಿಸಿ ಮತ್ತೆ ಎರಕ ಹೊಯ್ಯುವುದು ಅವನ ಕೆಲಸ. ಬಸ್ಸಿನವರು, ಲಾರಿಯವರು, ಎಸ್ಟೇಟಿನ ದೊರೆಗಳ ಕಾರಿನ ಡ್ರೈವರುಗಳು ಎಲ್ಲರೂ ಅವನ ಹತ್ತಿರ ನಿಲ್ಲುತ್ತಿದ್ದರು. ಕರಗಿದ ಸೀಸ ಬಾಣಲೆಯಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎಷ್ಟೋ ಸಲ ಅದನ್ನೇ ನೋಡುತ್ತ ನಿಂತಿದ್ದೇನೆ.

"ಚೇಚಿ, ಸ್ವಲ್ಪ ವೆಳ್ಳಂ ಕೊಡ್ತೀರಾ?" ಎಂದು ನೀರಿಗೆ ಬರುತ್ತಿದ್ದ. ಅವನ ಕಡೆ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಅತ್ತೆಗೆ ಅವನ ಮೇಲೆ ಮಗನ ಮೇಲಿನಷ್ಟೇ ಅಕ್ಕರೆ ಬೆಳೆಯಿತು. ಸೋರುತ್ತಿದ್ದ ನಮ್ಮ ತಾಮ್ರದ ಹಂಡೆಗೆ ಸೀಸದ ಬೆಸುಗೆ ಹಾಕಿಕೊಟ್ಟದ್ದೂ ಅವನೇ. ಅತ್ತೆ ಅವನಿಗೆ ರೊಟ್ಟಿ ಚಟ್ನಿ ಕಳಿಸುತ್ತಿದ್ದರು. ಆತ ಸೀಸ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ತಿನ್ನುತ್ತಿದ್ದ.

ಮನೆಯ ಮುಂದೆ, ರಸ್ತೆಯ ಚರಂಡಿಗೂ ಜಗಲಿಗೂ ನಡುವೆ ಅತ್ತೆಯ ಸೊಪ್ಪಿನ ಮಡಿಗಳಿದ್ದವು. ಹರಿವೆ, ದಂಟು, ಬಸಳೆ. ಹರಿವೆಗೆ ಹುಳ ಬಿದ್ದರೆ ಮೇಲೆ ಬೂದಿ ಉದುರಿಸುವುದು ಅವರ ರೂಢಿ. ಪಾತ್ರೆ ಬೆಳಗುವುದಕ್ಕೂ ಅದೇ ಬೂದಿ. ನಮ್ಮ ಒಲೆಯ ಬೂದಿ ಸಾಲುತ್ತಿರಲಿಲ್ಲ. ಒಂದು ದಿನ ಮೇಸ್ತ್ರಿಯ ಒಲೆಯ ಪಕ್ಕ ಬೂದಿ ಗುಡ್ಡೆಯಾಗಿ ಬಿದ್ದಿರುವುದು ನನ್ನ ಕಣ್ಣಿಗೆ ಬಿತ್ತು. ಕೇಳಿದ್ದು ನಾನೇ. ಅತ್ತೆಯಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ.

"ಈ ಬೂದಿ ನಿಮಗೆ ಬೇಕಾ?"

"ನನಗೆ ಎಂತಕ್ಕೆ ಚೇಚಿ? ತಗೊಂಡು ಹೋಗಿ. ಎಸೆಯುವ ಕೆಲಸ ತಪ್ಪಿತು."

ಅವತ್ತಿನಿಂದ ವಾರಕ್ಕೊಮ್ಮೆ ಮಂಕರಿ ತುಂಬ ತರುತ್ತಿದ್ದೆ. ಸಾಮಾನ್ಯ ಬೂದಿಗಿಂತ ಅದು ಭಾರ. ಅಷ್ಟೂ ಗೊಬ್ಬರದ ಸತ್ವ ಎಂದುಕೊಂಡೆ. ಹುಳಗಳು ನಿಜಕ್ಕೂ ಸತ್ತವು. ಅತ್ತೆ ಅಕ್ಕಪಕ್ಕದವರಿಗೆಲ್ಲ, "ನಮ್ಮ ಸೊಸೆ ಕಂಡುಹಿಡಿದ ಔಷಧಿ" ಎಂದು ಹೇಳಿಕೊಂಡರು. ನನಗೆ ಹೆಮ್ಮೆಯಾಯಿತು.

ಎರಡು ವರ್ಷ ಹೀಗೇ ಹೋಯಿತು. ಮಗಳಿಗೆ ಮಣ್ಣು ತಿನ್ನುವ ಚಟ ಹತ್ತಿತ್ತು. ಮಡಿಯ ಪಕ್ಕ ಕೂತು ಎರಡೂ ಕೈಯಲ್ಲಿ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ನಾನು ಬೆರಳು ಹಾಕಿ ತೆಗೆಯುತ್ತಿದ್ದೆ, ಬೈಯುತ್ತಿದ್ದೆ, ಒಮ್ಮೊಮ್ಮೆ ಬೆನ್ನಿಗೊಂದು ಕೊಡುತ್ತಿದ್ದೆ. "ನಿನ್ನ ಗಂಡನೂ ತಿಂದವನೇ, ಅವನಿಗೆ ಏನಾಗಿದೆ ಈಗ?" ಎಂದು ಅತ್ತೆ ನಗುತ್ತಿದ್ದರು. ಆದರೆ ಮಗುವಿನ ಮುಖ ಬಿಳಿಚಿಕೊಳ್ಳುತ್ತ ಬಂತು. ಊಟ ಸೇರುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಓರಗೆಯ ಮಕ್ಕಳು ಬಡಬಡ ಮಾತಾಡುವಾಗ ಇವಳಿಗೆ ನಾಲ್ಕೈದು ಶಬ್ದ ಬಿಟ್ಟು ಬರುತ್ತಿರಲಿಲ್ಲ. ಜಂತುಹುಳ ಎಂದು ಕಷಾಯ ಕುಡಿಸಿದೆವು.

ಆ ವರ್ಷದ ಮಳೆ ನಿಂತ ಮೇಲೆ ಮನೆಯ ಕಡಸು ಕಾಯಿಲೆ ಬಿತ್ತು. ಮೊದಲ ಗಬ್ಬ. ಅತ್ತೆ ಅದಕ್ಕೆ ದಿನಾ ಕೈಯಾರೆ ಹುಲ್ಲು ಹಾಕುತ್ತಿದ್ದರು. ಮೇಯಲು ಬಿಟ್ಟರೆ ಅದು ಹುಲ್ಲು ಬಿಟ್ಟು ಚರಂಡಿಯ ಅಂಚನ್ನು ನೆಕ್ಕುತ್ತ ನಿಲ್ಲುವುದನ್ನು ನಾನು ಕಂಡಿದ್ದೆ. ಒಂದು ಬೆಳಿಗ್ಗೆ ಹಲ್ಲು ಕಡಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟುಕೊಂಡೇ ಇದ್ದರೂ ಏನೂ ಕಾಣದಂತೆ ಗೋಡೆಗೆ ಹೋಗಿ ಹಾಯ್ದಿತು. ಹಾಯ್ದದ್ದು ಹಿಂದೆ ಸರಿಯದೆ, ಗೋಡೆಯನ್ನೇ ತಳ್ಳಿಕೊಂಡು ಹೋಗುತ್ತೇನೆ ಎನ್ನುವ ಹಾಗೆ ಹಣೆ ಒತ್ತಿಕೊಂಡು ನಿಂತಿತು. ಆ ನಿಂತ ಭಂಗಿಯನ್ನು ನನಗೆ ನೋಡಲಾಗಲಿಲ್ಲ. ನಾನು ಹಟ್ಟಿಯಿಂದ ಮನೆಗೆ, ಮನೆಯಿಂದ ಹಟ್ಟಿಗೆ ಸುಮ್ಮನೆ ಓಡಾಡಿದೆ.

"ಯಾರೋ ಮಾಟ ಮಾಡವ್ರೆ" ಎಂದರು ಅತ್ತೆ. "ಸೊಪ್ಪು ನೋಡಿ ಹೊಟ್ಟೆ ಉರ್ಕೊಂಡವ್ರು ಯಾರೋ."

ಎಸ್ಟೇಟಿನ ಎತ್ತುಗಳನ್ನು ನೋಡಲು ಮಡಿಕೇರಿಯಿಂದ ದನದ ಡಾಕ್ಟರು ಬಂದಿದ್ದರು. ನಮ್ಮ ಮನೆಯವರು ಮಾರನೆಯ ದಿನ ಅವರನ್ನು ಕರೆತರುವಷ್ಟರಲ್ಲಿ ಕಡಸು ಕಾಲು ಬಡಿದು ಸತ್ತುಹೋಗಿತ್ತು. ಡಾಕ್ಟರು ವಯಸ್ಸಾದವರು, ಪಂಚೆಯ ಮೇಲೆ ಕೋಟು. ಸತ್ತ ದನದ ಬಾಯಿ ಬಿಡಿಸಿ ನೋಡಿದರು, ಅದು ನಿಂತಿದ್ದ ರೀತಿ, ಹಲ್ಲು ಕಡಿದ ರೀತಿ ಎಲ್ಲ ಕೇಳಿದರು. ಆಮೇಲೆ ಅದು ಎಲ್ಲಿ ಮೇಯುತ್ತಿತ್ತು ಎಂದರು. ನಾನು ಚರಂಡಿ ತೋರಿಸಿದೆ. ಅವರು ಅಲ್ಲಿ ಕುಕ್ಕರಗಾಲಲ್ಲಿ ಕೂತು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದರು.

"ಈ ಬೂದಿ ಬಣ್ಣದ್ದು ಎಲ್ಲಿಂದ ಬಂತು?"

"ಮೇಲಿನ ಶೆಡ್ಡಿಂದ ಹರಿಯೋ ನೀರು ಸಾರ್" ಎಂದರು ನಮ್ಮ ಮನೆಯವರು.

"ಶೆಡ್ಡಲ್ಲಿ ಏನು ಮಾಡ್ತಾರೆ?"

"ಬ್ಯಾಟರಿ ರಿಪೇರಿ."

ಡಾಕ್ಟರು ಎದ್ದು ನಿಂತು ಕೈ ತೊಳೆಯಲು ನೀರು ಕೇಳಿದರು. ಚೆನ್ನಾಗಿ ಸೋಪು ಹಾಕಿ ತೊಳೆದರು. "ಮಾಟ ಅಲ್ಲ ಅಮ್ಮ, ಸೀಸ. ದನಕ್ಕೆ ಇದರ ರುಚಿ ಹಿಡಿದುಬಿಡುತ್ತೆ, ಉಪ್ಪು ನೆಕ್ಕಿದ ಹಾಗೆ ನೆಕ್ಕುತ್ತೆ. ಇದು ನರಕ್ಕೆ, ಮಿದುಳಿಗೆ ಹೋಗುತ್ತೆ."

"ಮುಂದಿನ ಮಳೆಗೆ ತೊಳೆದು ಹೋಗಲ್ವಾ?" ಎಂದು ನಾನು ಕೇಳಿದೆ.

"ಕೊಳೆಯೋ ವಸ್ತು ಆಗಿದ್ರೆ ಹೋಗ್ತಿತ್ತು. ಇದು ಲೋಹ. ಮಣ್ಣು ಒಂದು ಸಲ ಹಿಡ್ಕೊಂಡ್ರೆ ಬಿಟ್ಟುಕೊಡಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇಲ್ಲೇ ಇರುತ್ತೆ."

ಅಷ್ಟರಲ್ಲಿ ಮಗಳು ಮಡಿಯ ಕಡೆಯಿಂದ ಬಂದು ನನ್ನ ಸೆರಗು ಹಿಡಿದಳು. ಬಾಯಿಯ ಸುತ್ತ ಮಣ್ಣು. ಡಾಕ್ಟರು ಅವಳನ್ನು ನೋಡಿದರು, ಮಡಿಯ ಮೇಲಿದ್ದ ಅದೇ ಬಣ್ಣದ ಬೂದಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಈ ಮಗು ಎಷ್ಟು ದಿನದಿಂದ ಹೀಗೆ ತಿಂತಾ ಇದೆ?"

ನಾನು ಸೆರಗಿನ ತುದಿಯಿಂದ ಅವಳ ಬಾಯಿ ಒರೆಸತೊಡಗಿದೆ. ಅತ್ತೆ, "ಒಂದು ವರ್ಷ ಆಗಿರಬೇಕು" ಎಂದರು.

"ನಾನು ದನದ ಡಾಕ್ಟರು. ಮನುಷ್ಯರಿಗೆ ಔಷಧಿ ಹೇಳಬಾರದು. ಇವತ್ತೇ ಮಡಿಕೇರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾಳೆ ಅನ್ನಬೇಡಿ."

ಮುಂದಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಮಗುವಿನ ಉಗುರಿನ ಸಂದಿಯಲ್ಲಿದ್ದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಲೇ ಇದ್ದೆ. ಒಂದು ಬೆರಳಲ್ಲಿ ರಕ್ತ ಬಂತು. "ಬಿಡು, ಸಾಕು" ಎಂದು ನಮ್ಮ ಮನೆಯವರು ಕೈ ಹಿಡಿದುಕೊಂಡರು. ಬಿಟ್ಟ ಕೂಡಲೇ ಮತ್ತೆ ಕೆರೆದೆ.

ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿದರು. ತುಟಿ ಸರಿಸಿ ವಸಡು ನೋಡಿದರು. ಏನು ನೋಡುತ್ತೀರಿ ಎಂದು ಕೇಳಿದ್ದಕ್ಕೆ, ಸೀಸ ಮೈಗೆ ಸೇರಿದವರಿಗೆ ವಸಡಿನ ಅಂಚಿನಲ್ಲಿ ನೀಲಿ ಗೆರೆ ಬರುವುದುಂಟು ಎಂದರು. ಮಗುವಿಗೆ ಅದು ಇರಲಿಲ್ಲ. "ಇಲ್ಲದಿದ್ರೆ ಸೇರಿಲ್ಲ ಅಂತ ಅಲ್ಲ. ಸೇರಿದೆ ಅಂತಲೂ ನಾನು ಆಣೆ ಮಾಡಿ ಹೇಳಲಾರೆ. ಹೊಟ್ಟೆ ತೊಳೆಯೋ ಉಪ್ಪು ಕೊಡ್ತೀನಿ. ಹಾಲು ಚೆನ್ನಾಗಿ ಕುಡಿಸಿ. ಮುಖ್ಯ ಆ ಮಣ್ಣಿನಿಂದ ದೂರ ಇಡಿ."

ಹೌದು ಎಂದಿದ್ದರೆ ಅತ್ತು ಸುಧಾರಿಸಿಕೊಳ್ಳುತ್ತಿದ್ದೆನೇನೋ, ಇಲ್ಲ ಎಂದಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದೆ. ಎರಡೂ ಅಲ್ಲದ ಆ ಮಾತನ್ನು ಎತ್ತಿಕೊಂಡು ಮನೆಗೆ ಬಂದೆ.

ಬಸ್ಸಿಳಿದವಳು ಮಗುವನ್ನು ನಮ್ಮ ಮನೆಯವರ ಕೈಗೆ ಕೊಟ್ಟು ನೇರವಾಗಿ ಶೆಡ್ಡಿಗೆ ಹೋದೆ. ಜಗಳಕ್ಕೇ ಹೋದದ್ದು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮೇಸ್ತ್ರಿ ಮೊದಲು ನಂಬಲಿಲ್ಲ.

"ಎಂತ ಚೇಚಿ ಹೀಗೆ ಹೇಳ್ತೀರಿ? ನಾನು ಎಂಟು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೇನೆ. ಸೀಸ ವಿಷ ಆದ್ರೆ ಮೊದಲು ಸಾಯಬೇಕಾದ್ದು ನಾನು."

"ನಿಮಗೆ ಹೊಟ್ಟೆನೋವು ಬರಲ್ವಾ?"

"ಅದು ವಾಯು" ಎಂದ. ಬಲಗೈಯನ್ನು ನನ್ನ ಮುಂದೆ ಚಾಚಿದ. ಮಣಿಕಟ್ಟು ಜೋತುಬಿದ್ದಿತ್ತು. ಎತ್ತಲು ನೋಡಿದ, ಅರ್ಧಕ್ಕೆ ಬಂದು ಮತ್ತೆ ಕೆಳಗೆ ಬಾಗಿತು. "ಇದೂ ಒಂದು ತಿಂಗಳಿಂದ ಹೀಗೆ. ತೈಲ ಹಚ್ಚುತ್ತಾ ಇದ್ದೇನೆ" ಎಂದು ನಗಲು ನೋಡಿದ. ಆ ನಗುವಿನಲ್ಲಿ ಅವನ ವಸಡು ಕಂಡಿತು. ಹಲ್ಲಿನ ಬುಡದಲ್ಲಿ, ಕಾಡಿಗೆಯ ಕಡ್ಡಿಯಲ್ಲಿ ಎಳೆದ ಹಾಗೆ, ನೀಲಿ ಗೆರೆ.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. "ನಿಮ್ಮ ಬಾಯಲ್ಲಿ ಅದು ಇದೆ" ಎಂದೆ. ಅವನು ಲಾರಿಯೊಂದರಿಂದ ಕಳಚಿಟ್ಟಿದ್ದ ಕನ್ನಡಿ ತಂದು ತುಟಿ ಎತ್ತಿ ನೋಡಿಕೊಂಡ. ಬಹಳ ಹೊತ್ತು ನೋಡಿದ.

"ನನಗೆ ಬೇರೆ ಕೆಲಸ ಗೊತ್ತಿಲ್ಲ ಚೇಚಿ" ಎಂದ ಕೊನೆಗೆ.

ಮನೆಯಲ್ಲಿ ಅತ್ತೆ ಆ ವೇಳೆಗಾಗಲೇ ಸೊಪ್ಪಿನ ಮಡಿಗಳನ್ನೆಲ್ಲ ಕಿತ್ತು ರಾಶಿ ಹಾಕಿ, ಅದರ ಮುಂದೆ ಕೂತಿದ್ದರು. ನಾನು ಒಳಗೆ ಹೋಗಿ, ಸೀಸದ ಬೆಸುಗೆ ಹಾಕಿದ್ದ ಹಂಡೆಯನ್ನು ಬಾಗಿಲವರೆಗೆ ಉರುಳಿಸಿಕೊಂಡು ಬಂದಾಗ, "ಅದು ನನ್ನ ತವರಿನದು ಕಣೇ" ಎಂದರು. ನಾನು ನಿಂತೆ. ಅವರೇ ಎದ್ದು ಇನ್ನೊಂದು ಕಿವಿ ಹಿಡಿದರು. ಇಬ್ಬರೂ ಸೇರಿ ಅದನ್ನು ಹೊರಗಿಟ್ಟೆವು. ಬೂದಿ ತಂದವಳು ನಾನು ಎಂದು ಅವರು ಒಂದು ಸಲವೂ ಎತ್ತಿ ಆಡಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಉಳಿದದ್ದು ಮಣ್ಣು. ಮುಂದಿನ ಭಾನುವಾರ ನಮ್ಮ ಮನೆಯವರು ಪಿಕಾಸಿ ತೆಗೆದುಕೊಂಡು ಚರಂಡಿಯಂಚು, ಮಡಿ, ಅಂಗಳ ಎಲ್ಲವನ್ನೂ ಮೊಳದಾಳ ಅಗೆಯತೊಡಗಿದರು. ನಾನು ಕರೆಯದೆ ಮೇಸ್ತ್ರಿಯೂ ಬಂದ. ಪಿಕಾಸಿ ಹಿಡಿಯಲು ಅವನ ಕೈಗೆ ಆಗುತ್ತಿರಲಿಲ್ಲ. ಮಂಕರಿಯನ್ನು ಎಡಗೈಯಲ್ಲಿ ತಬ್ಬಿಕೊಂಡು ಹೊತ್ತ. ಮೊದಲ ಹತ್ತು ಮಂಕರಿಯನ್ನು ಅವರು ಮನೆಯ ಹಿಂದಿನ ಇಳಿಜಾರಿನಲ್ಲಿ, ಕೆಳಗೆ ಹರಿಯುವ ತೋಡಿನ ಕಡೆಗೆ ಸುರಿದರು. ನಾನು ನೋಡಿದವಳೇ ಓಡಿದೆ.

"ತೋಡಿಗೆ ಸುರಿದ್ರೆ ಕೆಳಗಿನ ಗದ್ದೆಗೆ ಹೋಗಲ್ವಾ? ಎಸ್ಟೇಟಿನ ಕೂಲಿ ಲೈನಿನ ಹೆಂಗಸರು ಆ ನೀರನ್ನೇ ತುಂಬ್ಕೊಳ್ತಾರೆ."

"ಮತ್ತೆಲ್ಲಿ ಹಾಕಲಿ? ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?" ಎಂದು ನಮ್ಮ ಮನೆಯವರು ರೇಗಿದರು. ಅವರು ರೇಗುವವರಲ್ಲ.

ಸುರಿದದ್ದನ್ನು ಮತ್ತೆ ಗೋರಿ ಮೇಲೆ ತಂದೆವು. ರಸ್ತೆಯ ಆಚೆ ಬದಿಗೆ ಎಂದರೆ ಅದು ಯಾರದೋ ತೋಟದ ಬೇಲಿ. ಬಾವಿಯಿಂದ ದೂರ ಎಂದರೆ ಹಟ್ಟಿಗೆ ಹತ್ತಿರ. ನಮ್ಮದೇ ಜಾಗದಲ್ಲಿ ಆ ಮಣ್ಣಿಗೆ ಜಾಗವಿರಲಿಲ್ಲ. ಕೊನೆಗೆ ಅತ್ತೆ ಗುಡ್ಡದ ನೆತ್ತಿ ತೋರಿಸಿದರು. ಅಲ್ಲಿ ನೀರು ನಿಲ್ಲುವುದಿಲ್ಲ, ದನ ಹತ್ತುವುದಿಲ್ಲ. ಮೂರು ಭಾನುವಾರ ಹೊತ್ತೆವು. ಗುಂಡಿ ತೋಡಿ, ತಳಕ್ಕೆ ಜೇಡಿಮಣ್ಣು ಮೆತ್ತಿ, ಹಂಡೆಯನ್ನೂ ಸೊಪ್ಪನ್ನೂ ಕಡಸಿನ ಹಗ್ಗವನ್ನೂ ಅದರಲ್ಲೇ ಹಾಕಿ, ಮೇಲೆ ಚಪ್ಪಡಿ ಕಲ್ಲು ಎಳೆದೆವು. ಮೇಸ್ತ್ರಿ ತನ್ನ ಬಾಣಲೆಯನ್ನೂ ತಂದು ಒಳಗಿಟ್ಟ.

ಗುಂಡಿ ಮುಚ್ಚಿದ ನಾಲ್ಕು ದಿನದಲ್ಲಿ ಅವನು ಊರಿಗೆ ಹೊರಟ. ಅತ್ತೆ ಬುತ್ತಿ ಕಟ್ಟಿಕೊಟ್ಟರು. ಅವನು ಕಾಲಿಗೆ ಬೀಳಲು ಬಂದಾಗ, "ಕೈ ಸರಿ ಆದ್ರೆ ಕಾಗದ ಬರೆಸು ಮಗ" ಎಂದರು. ಕಾಗದ ಬರಲಿಲ್ಲ. ಆರೇಳು ತಿಂಗಳ ಮೇಲೆ ಒಬ್ಬ ಡ್ರೈವರು ಸುದ್ದಿ ತಂದ. ತಲಚೇರಿಯಲ್ಲಿ ಭಾವನ ಅಂಗಡಿಯಲ್ಲಿ ಕೂರುತ್ತಾನಂತೆ. ಹೊಟ್ಟೆನೋವು ಹೋಗಿದೆ, ಕೈ ಮುಕ್ಕಾಲು ಬಂದಿದೆ. ಅತ್ತೆ ಅವತ್ತು ಪಾಯಸ ಮಾಡಿದರು.

ಮಗಳಿಗೆ ಮುಖದಲ್ಲಿ ರಕ್ತ ತುಂಬಿತು. ನಾಲ್ಕು ತುಂಬುವ ಹೊತ್ತಿಗೆ ಮಾತು ಬಂತು. ಬಂದ ಮೇಲೆ ಜೋರಾಗಿಯೇ ಬಂತು. ಮುಂದೆ ಓದಿದಳು. ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ, ಮೂಗಿನ ತುದಿಯಲ್ಲಿ ಸಿಟ್ಟು. ನನಗೂ ಲೆಕ್ಕ ಬಾರದು, ನಮ್ಮ ತಂದೆ ಮಹಾ ಕೋಪಿಷ್ಠರು. ಹಾಗಿದ್ದರೂ ಅವಳು ಒಂದು ಹೆಸರು ಮರೆತರೆ, ಒಂದು ಲೋಟ ಕೈಜಾರಿ ಬಿಟ್ಟರೆ, ನನ್ನ ಎದೆ ಧಸಕ್ಕೆನ್ನುತ್ತಿತ್ತು. ಈಗಲೂ ಎನ್ನುತ್ತದೆ. ಇದನ್ನು ಅವಳಿಗೆ ಹೇಳಿಲ್ಲ.

ಮಾರನೆಯ ವರ್ಷ ದನದ ಡಾಕ್ಟರು ಮತ್ತೆ ಎಸ್ಟೇಟಿಗೆ ಬಂದವರು ನಮ್ಮಲ್ಲಿ ಕಾಫಿಗೆ ನಿಂತರು. ಅಗೆದ ಜಾಗಕ್ಕೆ ಹೊಸ ಮಣ್ಣು ಹಾಕಿದ್ದನ್ನು ತೋರಿಸಿದೆ. "ಇನ್ನು ಇಲ್ಲಿ ಸೊಪ್ಪು ಹಾಕಬಹುದಾ?" ಎಂದು ಕೇಳಿದೆ.

ಅವರು ರಸ್ತೆಯನ್ನೇ ನೋಡುತ್ತ ಕಾಫಿ ಕುಡಿದರು. "ಪೇಟೆಯಲ್ಲಿ ಪೆಟ್ರೋಲ್ ಪಂಪಿನ ಮೇಲೆ ಒಂದು ಬೋರ್ಡು ಇರುತ್ತೆ, ನೋಡಿದ್ದೀರಾ? ಇದರಲ್ಲಿ ಸೀಸ ಇದೆ, ಗಾಡಿಗೆ ಬಿಟ್ಟು ಬೇರೆ ಯಾವುದಕ್ಕೂ ಉಪಯೋಗಿಸಬೇಡಿ ಅಂತ. ಎಂಜಿನ್ ಬಡಿಯದೆ ಓಡಲಿ ಅಂತ ಬೆರೆಸ್ತಾರೆ. ಒಳಗೆ ಹೋದದ್ದು ಹೊಗೆಯಲ್ಲಿ ಹೊರಗೆ ಬರಲೇಬೇಕಲ್ಲ. ಬಂದದ್ದು ಎಲ್ಲಿ ಬೀಳುತ್ತೆ?"

"ಹಾಗಾದ್ರೆ ರಸ್ತೆಯಿಂದ ಎಷ್ಟು ದೂರ ಹೋದ್ರೆ ಸರಿ?"

"ಅದನ್ನ ಯಾರೂ ಅಳೆದದ್ದು ನಾನು ಕೇಳಿಲ್ಲ ಅಮ್ಮ. ಬ್ಯಾಟರಿ ಶೆಡ್ಡಿನಷ್ಟು ಇರಲಾರದು. ಇಲ್ಲವೇ ಇಲ್ಲ ಅಂತಲೂ ಹೇಳಲಾರೆ."

ಮತ್ತೆ ಅದೇ ಉತ್ತರ. ಅವರು ಹೋದ ಮೇಲೆ ನಾನು ರಸ್ತೆಯ ಅಂಚಿನಲ್ಲಿ ನಿಂತು ಮನೆಯ ಹಿಂದಕ್ಕೆ ಹೆಜ್ಜೆ ಎಣಿಸುತ್ತ ನಡೆದೆ. ಎಂಬತ್ತು ಹೆಜ್ಜೆಗೆ ನಿಂತೆ. ಎಂಬತ್ತೇ ಏಕೆ ಎಂದರೆ ನನಗೇ ಗೊತ್ತಿಲ್ಲ, ಅಲ್ಲಿಗೆ ಬಸ್ಸಿನ ಸದ್ದು ಸಣ್ಣದಾಗಿತ್ತು. ಸೊಪ್ಪಿನ ಮಡಿಯನ್ನು ಅಲ್ಲಿ ಮಾಡಿದೆವು. ಬಸ್ಸು ಬಂದರೆ ಬಾಗಿಲಿಗೆ ಓಡುತ್ತಿದ್ದವಳು ಈಗ ಕಿಟಕಿ ಮುಚ್ಚಲು ಓಡತೊಡಗಿದೆ. ಯುದ್ಧ ಮುಗಿದು ಪೆಟ್ರೋಲು ಸಿಗುವಂತಾಯಿತು. ಬಸ್ಸುಗಳ ಹಿಂದಿನ ಇದ್ದಿಲೊಲೆ ಕಳಚಿದರು. ಎಲ್ಲರೂ ಸಂತೋಷಪಟ್ಟರು. ನಾನು ಗಾಡಿಗಳನ್ನು ಎಣಿಸಿದೆ.

ಎಸ್ಟೇಟಿನ ಲೈನಿನಲ್ಲಿದ್ದ ಹೆಂಗಸರು ಸಂಜೆ ಕೆಲಸ ಬಿಟ್ಟ ಮೇಲೆ ತಮ್ಮ ದನಗಳಿಗೆ ರಸ್ತೆ ಬದಿಯ ಹುಲ್ಲು ಕೊಯ್ಯುತ್ತಿದ್ದರು. ಅಷ್ಟು ವರ್ಷ ಅವರನ್ನು ನೋಡಿದ್ದರೂ ನೋಡಿರಲಿಲ್ಲ. ಒಂದು ಸಂಜೆ ಹೋಗಿ ಹೇಳಿದೆ, ಈ ಹುಲ್ಲು ಬೇಡ, ದನಕ್ಕೆ ಒಳ್ಳೆಯದಲ್ಲ, ಹೊಗೆ ಬಿದ್ದಿರುತ್ತದೆ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರಲ್ಲಿ ಹಿರಿಯಳು ಮಾತ್ರ ನಗಲಿಲ್ಲ. ಕುಡುಗೋಲು ಕೆಳಗಿಟ್ಟು, "ಹಂಗಾದ್ರೆ ಎಲ್ಲಿ ಕುಯ್ಯೋದು ರೈಟ್ರಮ್ಮ? ತೋಟದ ಒಳಗೆ ಕಾಲಿಟ್ರೆ ದೊರೆ ಬಿಡ್ತಾರಾ?" ಎಂದಳು.

ನಮ್ಮ ಹಿಂದಿನ ಇಳಿಜಾರಿನಲ್ಲಿ ಕೊಯ್ದುಕೊಳ್ಳಿ ಎಂದೆ. ಮರುದಿನ ನಾಲ್ಕು ಜನ ಬಂದರು, ಅದರ ಮರುದಿನ ಒಂಬತ್ತು. ಒಂದು ವಾರಕ್ಕೆ ಇಳಿಜಾರು ಬೋಳಾಯಿತು. ನಮ್ಮ ದನಕ್ಕೇ ಇಲ್ಲದಂತಾಯಿತು ಎಂದು ಅತ್ತೆ ಗೊಣಗಿದರು. ಎಂಟನೇ ದಿನ ಸಂಜೆ ಕಿಟಕಿಯಿಂದ ನೋಡಿದರೆ ಹೆಂಗಸರು ಮತ್ತೆ ರಸ್ತೆಯ ಅಂಚಿನಲ್ಲಿ ಬಾಗಿದ್ದರು. ಹಿರಿಯಳು ನನ್ನನ್ನು ಕಂಡು ಕುಡುಗೋಲಿನ ಕೈಯನ್ನು ಸ್ವಲ್ಪ ಎತ್ತಿ, ಏನು ಮಾಡಲಿ ಎನ್ನುವ ಹಾಗೆ ತಲೆಯಾಡಿಸಿದಳು. ಕೊಯ್ದ ಹುಲ್ಲು ಚಿಗುರಲು ತಿಂಗಳು ಬೇಕು. ದನ ಅಷ್ಟು ದಿನ ಕಾಯುವುದಿಲ್ಲ.